ಹಿತ್ತಿಲ ಡೆಕ್‌ನ ಹಿತ ಇರುವುದು ಹಲಗೆಯ ಅಡಿಯಲ್ಲಿ

ಮಾನ್ಯ ಸಂಪಾದಕರೇ,

ಮನೆಯ ಹಿಂಬದಿಗೆ ಮರದ ಡೆಕ್, ಅಂದರೆ ಕಂಬದ ಮೇಲೆ ಹಲಗೆ ಹಾಸಿದ ಜಗಲಿ, ಹಾಕಿಸುವ ಆಸೆ ಈಗ ಕುಂಬಳೆ, ಬದಿಯಡ್ಕ, ಉಪ್ಪಳ, ಮಂಜೇಶ್ವರದ ಕಡೆ ಹಬ್ಬುತ್ತಿದೆ. ಒಳ್ಳೆಯ ಆಸೆಯೇ. ಮುಂದಿನ ಸಿಟ್‌ಔಟ್ ಬಂದು ಹೋಗುವವರಿಗೆ, ಹಿಂದಿನ ಜಗಲಿ ಮನೆಯವರಿಗೆ. ಹಲಸಿನ ಸೊಳೆ ಬಿಡಿಸುವುದು, ಬಸಳೆ ಸೋಸುವುದು, ಮಕ್ಕಳ ಆಟ, ಹಿರಿಯರ ಸಂಜೆಯ ಮಾತು ಎಲ್ಲ ಅಲ್ಲಿಯೇ ನಡೆಯುತ್ತವೆ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇಂಥ ಡೆಕ್‌ಗಳಲ್ಲಿ ಹಲವು ಬರಿ ಬಟ್ಟೆ ಒಣಗಿಸುವ ಜಾಗವಾಗಿಬಿಡುತ್ತವೆ. ಹಲಗೆ ಜಾರುತ್ತದೆ, ಸಂದಿಯಿಂದ ಕಮಟು ವಾಸನೆ ಏಳುತ್ತದೆ, ಸಂಜೆ ಸೊಳ್ಳೆ ಕೂರಗೊಡುವುದಿಲ್ಲ. ಹಣವೆಲ್ಲ ಸೋಫಾ, ಬಣ್ಣದ ದೀಪ, ಹೂಕುಂಡಗಳಿಗೆ ಹೋಗಿರುತ್ತದೆ. ಹಲಗೆಯ ಅಡಿಯ ಕೆಲಸಕ್ಕೆ ಏನೂ ಉಳಿದಿರುವುದಿಲ್ಲ. ಮೊಬೈಲಿನಲ್ಲಿ ನೋಡಿ ತೋರಿಸುವ ಚಿತ್ರಗಳು ಹೆಚ್ಚಾಗಿ ಮಳೆ ಕಡಿಮೆಯ ಊರುಗಳವು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲೂ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ಈ ಕೆಲಸವನ್ನು ದಿನವೂ ಮಾಡುವ ನಾವು ಕೆಲವರು ಸೇರಿ, ಇಲ್ಲಿನ ಮಳೆಗೆ ಏನು ಬಾಳುತ್ತದೆ, ಏನು ಕೆಡುತ್ತದೆ ಎಂಬುದನ್ನು ಬರೆಯುತ್ತಿದ್ದೇವೆ.

ಎಲ್ಲರ ಹಿತ್ತಿಲಿಗೂ ಡೆಕ್ ಬೇಕಿಲ್ಲ. ಅಡುಗೆಮನೆಯ ಹೊಸ್ತಿಲಿಗೂ ಹಿತ್ತಿಲ ನೆಲಕ್ಕೂ ಒಂದೂವರೆ ಅಡಿಗಿಂತ ಕಡಿಮೆ ಅಂತರವಿದ್ದರೆ ಮರ ಬೇಡ. ಹಲಗೆಯ ದಪ್ಪ, ತೊಲೆಯ ದಪ್ಪ ಕಳೆದರೆ ಅಡಿಯಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಅಲ್ಲಿಗೆ ಕೆಂಪುಕಲ್ಲಿನ ಕಟ್ಟೆಯೇ ಸರಿ. ಸುತ್ತ ಕಲ್ಲು ಕಟ್ಟಿ, ಒಳಗೆ ಅರ್ಧ ಅಡಿ ಮಣ್ಣು ತುಂಬಿ, ನೀರು ಹೊಯ್ದು ದಮ್ಮಸ್ಸು ಹೊಡೆದು, ಮತ್ತೆ ಅರ್ಧ ಅಡಿ ತುಂಬಬೇಕು. ಒಂದೇ ಸಲಕ್ಕೆ ತುಂಬಿದ ಮಣ್ಣು ಮೊದಲ ಮಳೆಗಾಲಕ್ಕೇ ಕುಸಿದು ಮೇಲಿನ ಟೈಲ್ಸ್ ಟೊಳ್ಳಾಗುತ್ತದೆ. ನಾಲ್ಕಿಂಚು ಕಾಂಕ್ರೀಟು, ಮನೆಯಿಂದ ಹೊರಕ್ಕೆ ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು, ಮೇಲೆ ಒರಟು ಮೈಯ ಟೆರಾಕೋಟಾ ಅಥವಾ ಉರಿ ಹೊಡೆದು ಒರಟು ಮಾಡಿದ ಗ್ರಾನೈಟ್. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಎರಚಲು ಬಿದ್ದ ಕೂಡಲೇ ಜಾರುತ್ತದೆ. ಕಪ್ಪು ಕಡಪ ಕಲ್ಲಿನ ಮೇಲೆ ಏಪ್ರಿಲಿನ ಮಧ್ಯಾಹ್ನ ಬರಿಗಾಲು ಇಡಲಾಗದು.

ಮರದ ಡೆಕ್‌ಗೆ ಅರ್ಥ ಬರುವುದು ಹಿತ್ತಿಲು ಇಳಿಜಾರಾಗಿ ಮೂರು ನಾಲ್ಕು ಅಡಿ ತಗ್ಗಿನಲ್ಲಿದ್ದಾಗ. ಗುಡ್ಡೆ ಕಡಿದು ತಟ್ಟು ಮಾಡಿ ಕಟ್ಟಿದ ಮನೆಗಳೇ ಹೆಚ್ಚಿರುವ ನಮ್ಮ ಕಡೆ ಅಂಥ ಜಾಗಕ್ಕೆ ಕೊರತೆಯಿಲ್ಲ.

ಮೊದಲ ಕೆಲಸ ನೆಲದ್ದು. ಹುಲ್ಲು, ಬೇರು, ಮೇಲಿನ ಸಡಿಲ ಮಣ್ಣು ನಾಲ್ಕಿಂಚಿನಷ್ಟು ಕೆರೆದು ತೆಗೆಯಬೇಕು. ಅಡಿಯ ಗಟ್ಟಿ ಕೆಮ್ಮಣ್ಣಿಗೆ ಹತ್ತು ಅಡಿಗೆ ಎರಡೂವರೆ ಇಂಚು ಇಳಿಜಾರು ಕೊಟ್ಟು, ನೀರು ಹೋಗಿ ಸೇರುವ ಕಣಿ ಮಾಡಿ, ಮೇಲೆ ಮುಕ್ಕಾಲಿಂಚಿನ ಜಲ್ಲಿಯನ್ನು ಮೂರಿಂಚು ದಪ್ಪಕ್ಕೆ ಹರಡಬೇಕು. ಕಳೆ ಬಾರದಂತೆ ಪ್ಲಾಸ್ಟಿಕ್ ಶೀಟ್ ಹಾಸುವ ಅಭ್ಯಾಸವಿದೆ, ಅದು ತಪ್ಪು. ಶೀಟಿನ ಮಡಿಕೆಯಲ್ಲಿ ನಿಂತ ಒಂದು ಲೋಟ ನೀರು ಸಾಕು, ಹೆಚ್ಚು ಕಡಿಮೆ ವಾರದಲ್ಲಿ ಸೊಳ್ಳೆ ಹಾರುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ. ಹಾಸಲೇಬೇಕೆಂದಿದ್ದರೆ ನೀರು ಇಳಿಯಲು ಬಿಡುವ ಜಿಯೋಟೆಕ್ಸ್‌ಟೈಲ್ (ಭೂವಸ್ತ್ರ) ಹಾಸಿ. ತೆಂಗಿನ ನಾರಿನ ಭೂವಸ್ತ್ರ ಇಲ್ಲಿಗೆ ಸಲ್ಲದು, ಅದು ಕೆಲವೇ ವರ್ಷಗಳಲ್ಲಿ ಮಣ್ಣಿನಲ್ಲಿ ಕರಗಲೆಂದೇ ಮಾಡಿದ್ದು.

ನೆಲದಿಂದ ತೊಲೆಯ ತಳಕ್ಕೆ ಕಡಿಮೆಯೆಂದರೂ ಒಂದಡಿ ಗಾಳಿ ಆಡಬೇಕು. ಮೂರು ಬದಿಯನ್ನೂ ಹಲಗೆ ಹೊಡೆದು ಮುಚ್ಚುವುದು ನೋಡಲು ಚೆಂದ, ಒಳಗೆ ಮಾತ್ರ ಆಟಿ ತಿಂಗಳ (ಜುಲೈ-ಆಗಸ್ಟ್) ತೇವ ದಸರೆಯವರೆಗೂ ಆರುವುದಿಲ್ಲ. ಹಲಗೆಯ ಬದಲು ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ವೆಲ್ಡ್‌ಮೆಶ್ (ಬೆಸೆದ ತಂತಿಬಲೆ) ಕಟ್ಟಿದರೆ ಗಾಳಿ ಬರುತ್ತದೆ, ಹಾವು ಹೆಗ್ಗಣ ಬರುವುದಿಲ್ಲ. ಹೆಗ್ಗಣವನ್ನು ಸಣ್ಣದೆಂದು ಬಿಡಬೇಡಿ, ಅದರ ಮೂತ್ರ ಬೆರೆತ ನೀರಿನಿಂದಲೇ ಇಲಿಜ್ವರ ಬರುವುದು. ಒಂದು ಬದಿಯ ಮೆಶ್ ಮಾತ್ರ ಕೀಲು ಹಾಕಿ ತೆರೆಯುವಂತಿರಲಿ. ವರ್ಷಕ್ಕೆರಡು ಸಲ ಒಬ್ಬ ಮನುಷ್ಯ ಒಳಗೆ ತೆವಳಿ ಕಸ ಗುಡಿಸಿ ಬರುವಷ್ಟು ದೊಡ್ಡದಾಗಿರಲಿ.

ಕಂಬದ ವಿಚಾರದಲ್ಲಿ ಪಟ್ಟು ಹಿಡಿಯಿರಿ. ಮರದ ಕಂಬವನ್ನು ಕಾಂಕ್ರೀಟಿನೊಳಗೆ ಹುಗಿಯಲು ಬಿಡಬೇಡಿ. ಬೇಸಗೆಯಲ್ಲಿ ಮರ ಒಣಗಿ ಸಣ್ಣಗಾಗುತ್ತದೆ, ಕಾಂಕ್ರೀಟಿಗೂ ಅದಕ್ಕೂ ನಡುವೆ ಕೂದಲೆಳೆಯ ಸಂದಿ ಬೀಳುತ್ತದೆ, ಮಳೆಗಾಲದಲ್ಲಿ ಆ ಸಂದಿ ಬಟ್ಟಲಿನಂತೆ ನೀರು ಹಿಡಿಯುತ್ತದೆ. ಕಂಬ ಕೊಳೆಯುವುದು ನೆಲದ ಮಟ್ಟದಲ್ಲಿ, ಅದೂ ಒಳಗಿನಿಂದ. ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ಒಂದೂವರೆ ಅಡಿ ಆಳದ ಪಾಯದ ಮೇಲೆ ಒಂಬತ್ತಿಂಚು ಚದರದ ಕಾಂಕ್ರೀಟ್ ಕಟ್ಟೆ ನೆಲದಿಂದ ಅರ್ಧ ಅಡಿ ಮೇಲಕ್ಕೆ ಬರಲಿ. ಅದರ ಮೇಲೆ ಕಬ್ಬಿಣದ ಪ್ಲೇಟು, ನಾಲ್ಕು ಆ್ಯಂಕರ್ ಬೋಲ್ಟು, ಅದರ ಮೇಲೆ ಕಂಬ. ಈ ಅರ್ಧ ಅಡಿ ಗೆದ್ದಲಿಗೂ ಕಾವಲು. ಗೆದ್ದಲು ಮೇಲೆ ಹೋಗಬೇಕಿದ್ದರೆ ಕಾಂಕ್ರೀಟಿನ ಹೊರಮೈಯಲ್ಲಿ ಮಣ್ಣಿನ ಸಾಲು ಕಟ್ಟಿಯೇ ಹೋಗಬೇಕು, ಅದು ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಕೆಡವಬಹುದು. ಗೆದ್ದಲು ಮದ್ದನ್ನು ಮಣ್ಣಿಗೆ ಹೊಯ್ಯುವುದು ಬೇಡವೇ ಬೇಡ. ಕುಡಿಯುವ ನೀರಿನ ಬಾವಿಯೋ, ಗುಡ್ಡೆಗೆ ಅಡ್ಡಕ್ಕೆ ಕೊರೆದ ನೀರಿನ ಸುರಂಗವೋ ಅದೇ ಹಿತ್ತಿಲಿನಲ್ಲಿರುತ್ತದೆ. ವಿಷ ಮಣ್ಣಿಗಿಳಿದರೆ ಏನಾಗುತ್ತದೆಂದು ಎಂಡೋಸಲ್ಫಾನ್ ಕಂಡ ಈ ಜಿಲ್ಲೆಗೆ ಹೇಳಿಕೊಡಬೇಕಿಲ್ಲ.

ತೊಲೆಗೆ ಈಗ ಹೆಚ್ಚಿನವರು ಎರಡಿಂಚು ಚದರದ, 2 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕುತ್ತಾರೆ. ಐದಡಿಗೊಂದು ಆಧಾರ, ತೊಲೆಯಿಂದ ತೊಲೆಗೆ ಹದಿನಾರಿಂಚು ಇದ್ದರೆ ಧಾರಾಳ. ಕೆಡುವುದು ವೆಲ್ಡಿಂಗ್ ಮಾಡಿದಲ್ಲಿ. ಬೆಸೆದ ಕಡೆ ಸತುವಿನ ಲೇಪ ಸುಟ್ಟು ಹೋಗಿರುತ್ತದೆ. ಅಲ್ಲಿಗೆ ತಂತಿ ಬ್ರಷ್ ಹಾಕಿ ಉಜ್ಜಿ ಎರಡು ಕೈ ಝಿಂಕ್ ಪ್ರೈಮರ್ ಹೊಡೆಯಬೇಕು. ಬರೀ ರೆಡ್ ಆಕ್ಸೈಡ್ ಉಪ್ಪುಗಾಳಿಗೆ ತಡೆಯುವುದಿಲ್ಲ. ಪೈಪಿನ ಎರಡೂ ತುದಿಗೆ ಮುಚ್ಚಳ ಹಾಕಿ, ತಳಬದಿಗೆ 6 ಮಿ.ಮೀ.ನ ಒಂದು ತೂತು ಬಿಡಿ. ಒಳಗೆ ಸೇರಿದ ನೀರಿಗೆ ಹೊರದಾರಿ ಇಲ್ಲದಿದ್ದರೆ ಪೈಪು ಒಳಗಿನಿಂದಲೇ ತಿಂದುಹೋಗುತ್ತದೆ. ಮರದ ತೊಲೆಯಾದರೆ ಅದರ ಬೆನ್ನಿಗೆ ಉದ್ದಕ್ಕೂ ಬಿಟುಮೆನ್ ಟೇಪು ಅಂಟಿಸಿ, ಅದರ ಮೇಲೆ ಹಲಗೆ ಹೊಡೆಯಿರಿ.

ಮರಗಳಲ್ಲಿ ಬಯಲಿಗೆ ಬಾಳುವುದು ಕಿರಾಲ್‌ಬೋಗಿ, ಇರುಳು, ಹಳೆಯ ತೇಗದ ಚೇಗು (ಒಳಗಿನ ಗಟ್ಟಿ ತಿರುಳು). ಚೇಗು ಎಂಬ ಮಾತಿಗೆ ಗೆರೆ ಹಾಕಿಕೊಳ್ಳಿ: ಎಷ್ಟೇ ಒಳ್ಳೆಯ ಜಾತಿಯಾದರೂ ಹೊರಗಿನ ಬಿಳಿಭಾಗವನ್ನು ಹುಳ ಬಿಡುವುದಿಲ್ಲ. ಹೆಬ್ಬಲಸು, ಹಲಸು ಮಾಡಿನ (ಛಾವಣಿಯ) ಅಡಿಯ ಬೆಂಚಿಗೆ ಸೊಗಸು. ರಬ್ಬರ್ ಮರ, ಮಾವು ಹೊರಗಡೆಗೆ ಒಂದು ತುಂಡೂ ಬೇಡ. ಐವತ್ತು ಅರುವತ್ತು ವರ್ಷ ದಾಟಿದ ತೆಂಗಿನ ಮರದ ಹೊರಭಾಗ ಕಲ್ಲಿನಂತಿರುತ್ತದೆ, ಒಳತಿರುಳು ಮೆತ್ತಗೆ. ಹೊರಭಾಗವನ್ನು ಮಾತ್ರ ಸೀಳಿಸಿ ನೆನೆಯದ ಕಡೆ ಉಪಯೋಗಿಸಬಹುದು.

ಹಲಗೆ ನಾಲ್ಕಿಂಚು ಅಗಲ, ಒಂದಿಂಚು ದಪ್ಪ ಸಾಕು. ಆರಿಂಚಿನದು ಒಂದು ಬದಿ ಒಣಗಿ ಒಂದು ಬದಿ ತೇವವಾಗಿರುವಾಗ ದೋಣಿಯಂತೆ ಬಗ್ಗುತ್ತದೆ. ಸಂದಿಯ ಲೆಕ್ಕ ಹಲಗೆ ಹೊಡೆಯುವ ತಿಂಗಳಿನ ಮೇಲಿದೆ. ಮಾರ್ಚ್‌ನಲ್ಲಿ ಒಣಗಿದ ಹಲಗೆ ಹೊಡೆಯುವಾಗ ಎರಡು ಹಲಗೆಯ ನಡುವೆ 6 ಮಿ.ಮೀ. ಕಬ್ಬಿಣದ ಸರಳಿನ ತುಂಡು ಇಟ್ಟು ಹೊಡೆಯಿರಿ. ಜುಲೈಯಲ್ಲಿ ಅದೇ ಹಲಗೆ ಒಂದೂವರೆ, ಎರಡು ಮಿಲಿಮೀಟರ್ ಉಬ್ಬುತ್ತದೆ, ಆದರೂ ನೀರು ಇಳಿಯುವಷ್ಟು ಸಂದಿ ಉಳಿಯುತ್ತದೆ. ಬೇಸಗೆಯಲ್ಲಿ ಒತ್ತೊತ್ತಾಗಿ ಹೊಡೆದರೆ ಮಳೆಗೆ ಉಬ್ಬಿ ಒಂದನ್ನೊಂದು ನೂಕಿ ಸ್ಕ್ರೂವನ್ನೇ ಕಿತ್ತುಕೊಂಡು ಮೇಲೇಳುತ್ತವೆ. ಮಳೆಗಾಲದಲ್ಲಿ ಹಸಿ ಹಲಗೆ ಹೊಡೆದರೆ ಫೆಬ್ರವರಿಗೆ ಸಂದಿ ತೆರೆದು ಮಗುವಿನ ಬೆರಳು ಸಿಕ್ಕಿಹಾಕಿಕೊಳ್ಳುವಷ್ಟಾಗುತ್ತದೆ. ಮನೆಯ ಗೋಡೆಗೂ ಮೊದಲ ಹಲಗೆಗೂ ಅರ್ಧ ಇಂಚು ಬಿಡಲೇಬೇಕು, ಮತ್ತು ಡೆಕ್‌ನ ಮಟ್ಟ ಹೊಸ್ತಿಲಿಗಿಂತ ಮೂರಿಂಚು ಕೆಳಗಿರಬೇಕು. ಇಲ್ಲದಿದ್ದರೆ ಎರಚಲಿನ ನೀರು ಕೆಂಪುಕಲ್ಲಿನ ಗೋಡೆಗೆ ಇಳಿದು ಒಳಗಿನ ಬಣ್ಣ ಗುಳ್ಳೆ ಏಳುತ್ತದೆ. ಗಡಿಬಿಡಿಯಲ್ಲಿ ಮರೆತುಹೋಗುವ ಇನ್ನೊಂದು ಕೆಲಸ ಕೊರೆದ ತುದಿಗಳದು. ಹಲಗೆ ನೀರು ಕುಡಿಯುವುದು ಮೈಗಿಂತ ಹೆಚ್ಚಾಗಿ ತುದಿಯಿಂದ. ಗರಗಸ ಹಾಕಿದ ಪ್ರತಿ ತುದಿಗೂ ಅಲ್ಲೇ, ಆಗಲೇ, ಎರಡು ಕೈ ಎಣ್ಣೆಯೋ ಮೇಣವೋ ಹಚ್ಚಬೇಕು.

ಹಳೆಯ ಡೆಕ್‌ನ ಒಂದು ಸ್ಕ್ರೂವಿನ ಬಳಿ ಬಗ್ಗಿ ನೋಡಿ. ಡ್ರಿಲ್ ಜೋರಾಗಿ ಒತ್ತಿ ತಲೆಯನ್ನು ಮರದೊಳಕ್ಕೆ ಎರಡು ಮಿಲಿಮೀಟರ್ ಇಳಿಸಿರುತ್ತಾರೆ. ಅಲ್ಲಿ ಕಾಸಿನಗಲಕ್ಕಿಂತ ಸಣ್ಣ ಗುಳಿ, ಗುಳಿಯಲ್ಲಿ ಒಂದು ಹನಿ ನೀರು, ನೀರಿನ ಸುತ್ತ ಕಪ್ಪು ಉಂಗುರ. ಮರದೊಳಗಿನ ಚೊಗರಿಗೆ ಕಬ್ಬಿಣ ತಾಗಿದಾಗ ಆಗುವ ಬಣ್ಣ ಅದು. ಉಂಗುರದಿಂದ ಎಳೆಯ ಉದ್ದಕ್ಕೆ ಕೂದಲಿನಂಥ ಬಿರುಕು ಹೊರಟಿರುತ್ತದೆ, ಉಗುರಿನಿಂದ ಕೆದಕಿದರೆ ಮರ ಒದ್ದೆ ರೊಟ್ಟಿಯಂತೆ ಕಿತ್ತು ಬರುತ್ತದೆ. ಇಡೀ ಡೆಕ್ ಹಾಳಾಗುವುದು ಈ ಗುಳಿಯಿಂದ. ಆದ್ದರಿಂದ ಮೊದಲು ತೂತು ಕೊರೆದು, ಅಂಚಿನಿಂದ ಮುಕ್ಕಾಲಿಂಚು ಒಳಗೆ, ತಲೆ ಹಲಗೆಯ ಮೈಗೆ ಸರಿಸಮ ನಿಲ್ಲುವಂತೆ ಕೈಯಲ್ಲಿ ಕೊನೆಯ ಎರಡು ಸುತ್ತು ತಿರುಗಿಸಬೇಕು. ಸಮುದ್ರಕ್ಕೆ ನಾಲ್ಕೈದು ಕಿಲೋಮೀಟರ್ ಒಳಗಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ, 304 ಅಲ್ಲಿ ಚಹಾದ ಕಲೆಯಂತೆ ಕಂದಾಗುತ್ತದೆ. ಬೆಲೆ ಹೆಚ್ಚು, ಒಪ್ಪಿದೆವು. ಆದರೆ ಉಳಿತಾಯ ಮಾಡಬೇಕೆಂದಿದ್ದರೆ ಸೋಫಾದಲ್ಲಿ ಮಾಡಿ, ಸ್ಕ್ರೂವಿನಲ್ಲಿ ಬೇಡ.

ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆಯ ಬಗ್ಗೆ ಕೇಳುವವರು ಬಹಳ. ಗೆದ್ದಲು ಮುಟ್ಟುವುದಿಲ್ಲ ನಿಜ. ಆದರೆ ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ, ತುದಿಗೆ ತುದಿ ಸೇರುವಲ್ಲಿ 5-6 ಮಿ.ಮೀ. ಬಿಡಬೇಕು. ತೊಲೆಯ ಅಂತರ ಹದಿನಾರರ ಬದಲು ಹನ್ನೆರಡಿಂಚು ಮಾಡಬೇಕು, ಇಲ್ಲದಿದ್ದರೆ ನಡುವೆ ಜಗ್ಗುತ್ತದೆ. ಮಾಡು ಇಲ್ಲದ ಕಡೆ ಬೇಸಗೆಯಲ್ಲಿ ಕಾಲು ಸುಡುತ್ತದೆ, ಪಾಚಿ ಅದರ ಮೇಲೂ ಕಟ್ಟುತ್ತದೆ.

ಮರಕ್ಕೆ ಏನು ಹಚ್ಚುವುದು? ಗಾಜಿನಂತೆ ಹೊಳೆಯುವ ವಾರ್ನಿಶ್, ಪಿಯು (ಪಾಲಿಯುರೆಥೇನ್) ಲೇಪ ಎರಡೂ ಬಯಲಿಗೆ ಬೇಡ. ಬಿಸಿಲಿಗೆ ಬಿರಿದು, ಬಿರುಕಿನಿಂದ ನೀರು ಒಳಗಿಳಿದು, ಹೊರಬರಲಾಗದೆ ಮರವನ್ನು ಕಪ್ಪು ಮಾಡುತ್ತದೆ. ಮತ್ತೆ ಹಚ್ಚಬೇಕಿದ್ದರೆ ಪೂರ್ತಿ ಕೆರೆಯಬೇಕು. ಒಳಗೆ ಹೀರಿಕೊಳ್ಳುವ ಎಣ್ಣೆಯೇ ಸರಿ, ಬೂಷ್ಟು ತಡೆಯುವ ಅಂಶ ಸೇರಿಸಿದ್ದು ಇದ್ದರೆ ಒಳ್ಳೆಯದು. ಬರೀ ಅಗಸೆಎಣ್ಣೆ ನಮ್ಮ ತೇವಕ್ಕೆ ಬೂಷ್ಟಿನ ಊಟವಾಗುತ್ತದೆ. ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿ. ಅಡಿಯ ತೊಲೆ, ಹಲಗೆಯ ತಳಮೈಗೆ ನಮ್ಮ ಊರಿನದೇ ಮದ್ದಿದೆ: ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗೆ ಹಿಂದಿನಿಂದಲೂ ಹಚ್ಚುತ್ತಿದ್ದದ್ದು ಅದನ್ನೇ. ಚರ್ಮ ಸುಡುತ್ತದೆ, ಕಪ್ಪು ಬಣ್ಣ ಬರುತ್ತದೆ. ಹಾಗಾಗಿ ಕೈಗವಸು ಹಾಕಿಕೊಂಡು, ಕಾಲು ಮೈ ತಾಗದ ಕಡೆಗೆ ಮಾತ್ರ.

ಪಾಚಿ ಬಂದೇ ಬರುತ್ತದೆ. ಪ್ರೆಶರ್ ವಾಷರ್ ಹಚ್ಚಿದರೆ ಒಂದು ದಿನ ಹೊಸದಾಗಿ ಕಾಣುತ್ತದೆ, ಆದರೆ ಮರದ ಮೆದು ಎಳೆಗಳು ಕಿತ್ತುಹೋಗಿ ಉಳಿದ ಗೀರುಗಳಲ್ಲಿ ಪಾಚಿ ಇಮ್ಮಡಿ ಬೇರೂರುತ್ತದೆ. ಹತ್ತು ಲೀಟರ್ ನೀರಿಗೆ ಸುಮಾರು 50 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಮಾತ್ರ ಹೊಯ್ದು, ಹದಿನೈದು ನಿಮಿಷ ಬಿಟ್ಟು, ಎಳೆಯ ಉದ್ದಕ್ಕೆ ಗಟ್ಟಿ ನಾರಿನ ಬ್ರಷ್ಷಿನಲ್ಲಿ ತಿಕ್ಕಿ ಚೆನ್ನಾಗಿ ತೊಳೆಯಿರಿ. ಅದಕ್ಕೆ ಆ್ಯಸಿಡ್, ಟಾಯ್ಲೆಟ್ ಕ್ಲೀನರ್ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಮೇ ಕೊನೆಗೆ ಒಮ್ಮೆ, ಆಗಸ್ಟಿನ ಬಿಸಿಲು ಕಂಡ ದಿನ ಒಮ್ಮೆ ಮಾಡಿದರೆ ಸಾಕು. ಬಾಗಿಲಿನಿಂದ ಮೆಟ್ಟಿಲವರೆಗಿನ ನಡೆಯುವ ಸಾಲಿಗೆ ಅಡಕೆ ಸಲಾಕೆಗಳನ್ನು ಅಡ್ಡಡ್ಡ ಜೋಡಿಸಿ ಹಗ್ಗದಲ್ಲಿ ಹೆಣೆದು ಹಾಸಿದರೆ ಹಿರಿಯರಿಗೆ ಧೈರ್ಯ. ಮಳೆಗಾಲದ ಅಂಗಳಕ್ಕೆ ಹಿಂದಿನವರು ಮಾಡುತ್ತಿದ್ದದ್ದೂ ಇದೇ.

ಇನ್ನು ಮೇಲೆ ನೋಡೋಣ. ಇಲ್ಲಿ ಮಾಡು ಇಲ್ಲದ ಡೆಕ್ ವರ್ಷದ ಐದು ತಿಂಗಳು ಕೆಲಸಕ್ಕೆ ಬಾರದು. ಹಂಚಿನ ಮಾಡಿಗೆ ಸರಿ ಇನ್ನೊಂದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮಳೆಗೆ ಪರೀಕ್ಷೆಯಾದ ಸಾಮಾನು ಅದು. ಪಕ್ಕಾಸು (ಮಾಡಿನ ಓರೆ ತೊಲೆ), ರೀಪು (ಹಂಚು ಕೂರುವ ಅಡ್ಡಪಟ್ಟಿ) ಏರಿಸುವಾಗ ಇಳಿಜಾರು 30 ಡಿಗ್ರಿಯಷ್ಟಿರಲಿ. ಚಪ್ಪಟೆ ಮಾಡಿದರೆ ಗಾಳಿ ಮಳೆಯನ್ನು ಹಂಚಿನ ಸಂದಿಗೆ ನುಗ್ಗಿಸುತ್ತದೆ. ತಗಡಿನ ಶೀಟು ಅಗ್ಗ, ಆದರೆ ಜೋರು ಮಳೆಗೆ ಅದರಡಿ ಮಾತು ಕೇಳಿಸುವುದಿಲ್ಲ. ಪಾರದರ್ಶಕ ಪಾಲಿಕಾರ್ಬೊನೇಟ್ ಚೈತ್ರ ವೈಶಾಖದಲ್ಲಿ ಒಲೆ. ಮಾಡು ಡೆಕ್‌ನ ಅಂಚಿನಿಂದ ಮೂರಡಿ ಹೊರಗೆ ಚಾಚಿರಲಿ. ತುದಿಗೆ ದಂಬೆ ಕಟ್ಟಿ ನೀರನ್ನು ದೂರ ಬಿಡದಿದ್ದರೆ ಮಾಡಿನ ನೀರು ನೆಲಕ್ಕೆ ಬಿದ್ದು ಕೆಸರಾಗಿ ತೊಲೆಗೇ ಸಿಡಿಯುತ್ತದೆ.

ಪಡುವಣ ದಿಕ್ಕು ಕಷ್ಟದ್ದು. ಸಂಜೆಯ ಓರೆ ಬಿಸಿಲು, ಮಳೆಯ ಎರಚಲು, ಬೇಕಾದ ಕಡಲ ಗಾಳಿ ಮೂರೂ ಆ ಕಡೆಯಿಂದಲೇ. ಗೋಡೆ ಕಟ್ಟಿದರೆ ಗಾಳಿಯೂ ಹೋಯಿತು. ಎರಡಿಂಚಿನ ಪಟ್ಟಿಗಳನ್ನು 45 ಡಿಗ್ರಿ ಓರೆಯಾಗಿ, ಒಂದಿಂಚು ಸಂದಿ ಬಿಟ್ಟು ಕೂರಿಸಿದ ಜಾಲರಿ ಬಿಸಿಲು ತಡೆದು ಗಾಳಿ ಬಿಡುತ್ತದೆ. ಅದರ ಹೊರಗೆ ಎರಡಡಿ ದೂರಕ್ಕೆ ಬಸಳೆ ಚಪ್ಪರ ಅಥವಾ ಪ್ಯಾಶನ್‌ಫ್ರೂಟ್ ಬಳ್ಳಿ ಹಬ್ಬಿಸಿದರೆ ಇನ್ನೂ ತಂಪು. ಬಳ್ಳಿಯನ್ನು ಮರದ ಕಂಬಕ್ಕೇ ಹತ್ತಿಸಬೇಡಿ, ಎಲೆಯಡಿ ಮರ ಒಣಗುವುದಿಲ್ಲ. ಆಟಿಯ ಎರಚಲಿಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಸುರುಳಿ ಸುತ್ತಿ ಏರಿಸಿ ಇಳಿಸುವಂತೆ ಕಟ್ಟಿಕೊಳ್ಳಿ, ಹಳತಾದರೆ ಗಿಡದ ಬುಡಕ್ಕೆ ಗೊಬ್ಬರ.

ಕೂರುವ ಬೆಂಚು ಹದಿನೇಳಿಂಚು ಎತ್ತರ, ಹದಿನೆಂಟಿಂಚು ಅಗಲ. ಮಂಡಿನೋವಿನವರಿಗೆ ಹತ್ತೊಂಬತ್ತಿಂಚು, ಜೊತೆಗೆ ಕೈಯೂರಿ ಏಳಲು ಗಟ್ಟಿ ತೋಳು. ಹಳೆಯ ತರವಾಡು (ಕುಟುಂಬದ ಮೂಲ) ಮನೆಗಳ ಚಾರುಪಡಿಯ, ಅಂದರೆ ಜಗಲಿಯ ಒರಗು ಬೆಂಚಿನ, ಬೆನ್ನಿನ ಓರೆಯನ್ನು ಅಳೆದು ಮಾಡಿಸಿ. ನೆಟ್ಟಗಿನ ಬೆನ್ನಿಗೆ ಹತ್ತು ನಿಮಿಷವೂ ಒರಗಲಾಗದು. ಸ್ಪಂಜಿನ ಕುಶನ್ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆ ನಾಲ್ಕು ತಿಂಗಳಿಗೆ ಮುಂಡುಗದ ಚಾಪೆ ಸಾಕು. ತೂಗುಮಂಚ ಕಟ್ಟುವವರು ಅದನ್ನು ರೀಪಿಗೋ ಪಕ್ಕಾಸಿಗೋ ನೇತುಹಾಕಬಾರದು. ಇಬ್ಬರು ದೊಡ್ಡವರು ಕೂತು ತೂಗಿದರೆ ಎಳೆತ 300 ಕಿಲೋ ದಾಟಬಹುದು. ತೊಲೆಯ ಆಚೆಗೆ ಹಾದು ನಟ್ಟು ಬಿಗಿದ ಬೋಲ್ಟಿನ ಕೊಕ್ಕೆಯೇ ಆಗಬೇಕು, ಹಿಂದೆ ಮುಂದೆ ಮೂರಡಿ ಜಾಗ ಬೇಕು. ಡೆಕ್ ಎರಡಡಿಗಿಂತ ಎತ್ತರವಿದ್ದರೆ ಅಂಚಿಗೆ ಮೂರಡಿ ಎತ್ತರದ ಬೇಲಿ ಹಾಕಿಸಿ, ಸಲಾಕೆಗಳ ನಡುವೆ ನಾಲ್ಕಿಂಚಿಗಿಂತ ಹೆಚ್ಚು ಸಂದಿ ಬೇಡ.

ಬಿಳಿ ಟ್ಯೂಬ್‌ಲೈಟು ಹಾಕಿದರೆ ಮೊದಲ ಮಳೆಯ ಸಂಜೆ ರೆಕ್ಕೆಗೆದ್ದಲು ಮುಗಿಬೀಳುತ್ತವೆ. ಹಳದಿ ಬೆಳಕಿನ, 2700 ಕೆಲ್ವಿನ್ ಎಂದು ಬರೆದಿರುವ ಸಣ್ಣ ಬಲ್ಬುಗಳನ್ನು ಮೊಣಕಾಲಿನ ಎತ್ತರಕ್ಕೆ ಹಾಕಿ. ಸೊಳ್ಳೆಗೆ ಬತ್ತಿಗಿಂತ ಫ್ಯಾನು ಮೇಲು, ಸೊಳ್ಳೆ ಗಾಳಿಗೆದುರು ಹಾರಲಾರದು. ವೈರಿಂಗಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಮುಚ್ಚಳವಿರುವ ಐಪಿ65 (ಧೂಳು, ನೀರು ಹೋಗದ) ಪೆಟ್ಟಿಗೆ ಇಲ್ಲದೆ ಹೊರಗೆ ಒಂದು ಪ್ಲಗ್ ಕೂಡ ಬೇಡ. ತುಲಾಮಾಸದ (ಅಕ್ಟೋಬರ್-ನವೆಂಬರ್) ಗುಡುಗು ಶುರುವಾದರೆ ಒಳಗೆ ಹೋಗಿ.

ತಮ್ಮ ಪತ್ರಿಕೆಯಲ್ಲಿ ಮನೆ ಅಲಂಕಾರದ ಬರಹ ಬರುವಾಗ ಅಡಿಯ ಈ ಕೆಲಸದ ಚಿತ್ರವೂ ಒಂದಿರಲಿ ಎಂದು ಕೇಳಿಕೊಳ್ಳುತ್ತೇವೆ. ಮನೆಯವರಲ್ಲಿ ನಮ್ಮ ಕೋರಿಕೆ ಇಷ್ಟು: ಎಸ್ಟಿಮೇಟಿನಲ್ಲಿ ನೆಲದ ಇಳಿಜಾರು, ಜಲ್ಲಿ, ಸ್ಕ್ರೂವಿನ ದರ್ಜೆ, ತುದಿಗೆ ಹಚ್ಚುವ ಎಣ್ಣೆ ಇವನ್ನು ಬೇರೆ ಬೇರೆ ಸಾಲಾಗಿ ಬರೆಸಿಕೊಳ್ಳಿ, ಹಲಗೆ ಹೊಡೆದು ಮುಚ್ಚುವ ಮೊದಲು ನಿಂತು ನೋಡಿ. ಕೆಲಸ ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಮುಗಿಯಲಿ. ಮೊದಲ ದೊಡ್ಡ ಮಳೆ ನಿಂತು ಅರ್ಧ ಗಂಟೆಗೆ ಟಾರ್ಚ್ ಹಿಡಿದು ಮೆಶ್ ಬಾಗಿಲು ತೆರೆದು ಒಳಗೆ ಬೆಳಕು ಬಿಡಿ. ಜಲ್ಲಿಯ ಮೇಲೆ ಎಲ್ಲಾದರೂ ನೀರು ಹೊಳೆದರೆ ಮೇಸ್ತ್ರಿಯನ್ನು ಆ ವಾರವೇ ಕರೆಸಿ. ಕಣಿ ಬಿಡಿಸುವುದು ಆಗ ಅರ್ಧ ದಿನದ ಕೆಲಸ.

ಇತಿ,
ಮರಗೆಲಸ ಮತ್ತು ಕಟ್ಟಡ ಕೆಲಸದ ಕೆಲವರು
ಕುಂಬಳೆ ಸೀಮೆ, ಕಾಸರಗೋಡು ಜಿಲ್ಲೆ